ಸ್ಟೇರಿಂಗ್ ತಿರುಗಿಸಿದ್ರೆ ಹಾರ್ನ್ ಬರಲ್ಲ, ಏರ್‌ಬ್ಯಾಗ್ ಲೈಟ್ ಆರ್ತಿಲ್ಲ: ಕ್ಲಾಕ್ ಸ್ಪ್ರಿಂಗ್ ಮನೇಲೇ ಹಾಕ್ಕೋಬಹುದಾ?

ಘಾಟಿ_ಡ್ರೈವರ್:

ಎಲ್ರಿಗೂ ನಮಸ್ಕಾರ. ನಮ್ಮದು 2015ರ ಪೆಟ್ರೋಲ್ ಹ್ಯಾಚ್‌ಬ್ಯಾಕು, ಮುಂದೆ ಎರಡೂ ಕಡೆ ಏರ್‌ಬ್ಯಾಗ್ ಇದೆ, ಸ್ಟೇರಿಂಗ್ ಮೇಲೆ ಸೌಂಡ್ ಜಾಸ್ತಿ ಕಮ್ಮಿ ಮಾಡೋ ಬಟನ್ನೂ ಇದೆ. ಸಮಸ್ಯೆ ಏನಂದ್ರೆ ಸ್ಟೇರಿಂಗ್ ನೇರ ಇದ್ದಾಗ ಹಾರ್ನ್ ಚೆನ್ನಾಗೇ ಬರುತ್ತೆ, ಎಡಕ್ಕೆ ಸ್ವಲ್ಪ ಜಾಸ್ತಿ ತಿರುಗಿಸಿದ್ರೆ ಸತ್ತೇ ಹೋಗುತ್ತೆ, ವಾಪಸ್ ತಂದ್ರೆ ಮತ್ತೆ ಬರುತ್ತೆ. ಸಕಲೇಶಪುರದಿಂದ ಶಿರಾಡಿ ಇಳಿದು ಮಂಗಳೂರಿಗೆ ಆಗಾಗ ಹೋಗ್ತಿರ್ತೀನಿ, ಹಾರ್ನ್ ಬೇಕಾಗೋದೇ ತಿರುವಲ್ಲಿ, ಅಲ್ಲೇ ಕೈ ಕೊಡುತ್ತೆ, ನಿಜವಾಗ್ಲೂ ಭಯ ಆಗುತ್ತೆ. ಮೊದಲು ತಿರುಗಿಸುವಾಗ ಒಳಗೆ ಸರಸರ ಅಂತ ಸದ್ದು ಬರ್ತಿತ್ತು, ಆಮೇಲೆ ಬಟನ್‌ಗಳು ಹೋದ್ವು, ಈಗ ಕೆಂಪು ಏರ್‌ಬ್ಯಾಗ್ ಲೈಟು ಹತ್ತಿದ್ದು ಆರ್ತಾನೇ ಇಲ್ಲ. ಇದೆಲ್ಲ ಶುರು ಆಗೋಕೆ ಮುಂಚೆ, ಸ್ಟೇರಿಂಗ್ ತಿರುವನ್ನ ಚಕ್ರಕ್ಕೆ ತಲುಪಿಸೋ ಸ್ಟೇರಿಂಗ್ ರ‍್ಯಾಕ್ ಬಿಚ್ಚಿ ರಿಪೇರಿ ಮಾಡಿಸಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ತೋರಿಸಿದಲ್ಲಿ ಕ್ಲಾಕ್ ಸ್ಪ್ರಿಂಗ್ (ಸ್ಟೇರಿಂಗ್ ಒಳಗೆ ಕರೆಂಟ್ ಸಾಗಿಸೋ ಸುರುಳಿ ಕೇಬಲ್ಲು) ಹೋಗಿದೆ ಅಂದ್ರು, ಪಾರ್ಟು ಕೂಲಿ ಎಲ್ಲ ಸೇರಿ ಹೇಳಿದ ರೇಟು ಕೇಳಿ ಸುಮ್ನೆ ಬಂದೆ. ಬ್ರೇಕ್ ಪ್ಯಾಡು, ಆಲ್ಟರ್ನೇಟರ್ ಬೆಲ್ಟು ಎಲ್ಲ ನಾನೇ ಮನೇಲಿ ಹಾಕ್ಕೊಂಡಿದೀನಿ, ಟೂಲ್ಸ್ ಇದೆ. ಆದ್ರೆ ಏರ್‌ಬ್ಯಾಗ್ ಬಿಚ್ಚಿಲ್ಲ ಯಾವತ್ತೂ. ಗೊತ್ತಿರೋರು ದಯವಿಟ್ಟು ಹೇಳಿ.

ಧಾರವಾಡ_ವೈರಿಂಗ್:

ನೀವು ಹೇಳಿದ್ದೆಲ್ಲಾ ಕೂಡಿಸಿ ನೋಡಿದ್ರ ಕ್ಲಾಕ್ ಸ್ಪ್ರಿಂಗೇ ಹೋಗೇತ್ರಿ. ಫ್ಯೂಸ್ ಅಥವಾ ರಿಲೇ (ಹಾರ್ನಿಗೆ ಕರೆಂಟ್ ಬಿಡೋ ಸ್ವಿಚ್ಚು) ಹೋಗಿದ್ರ ಹಾರ್ನ್ ಯಾವ ಕಡೆ ತಿರುಗಿಸಿದ್ರೂ ಬರಂಗಿಲ್ಲ. ನೇರ ಇದ್ದಾಗ ಬಂದು ಎಡಕ್ಕ ಹೋದ ಕೂಡ್ಲೆ ಬಂದ್ ಆಗತೈತಿ ಅಂದ್ರ ತಿರುಗೋ ಜಾಗದಾಗ ವೈರ್ ಕಟ್ ಆಗೇತಿ ಅಂತ ಅರ್ಥ. ಖಾತ್ರಿ ಮಾಡ್ಕೊಳ್ಳಾಕ ಬಾನೆಟ್ ತಗದು ಫ್ಯೂಸ್ ಬಾಕ್ಸ್ ಹತ್ರ ಒಬ್ರು ನಿಂದರ್ರಿ, ಒಳಗಿಂದ ಇನ್ನೊಬ್ರು ಹಾರ್ನ್ ಒತ್ತಲಿ. ನೇರ ಇದ್ದಾಗ ರಿಲೇ ಟಕ್ ಅಂದು ಎಡಕ್ಕ ತಿರುಗಿಸಿದಾಗ ಸುಮ್ನಿತ್ತಂದ್ರ ಮುಗೀತು.

ಒಳಗ ಏನೈತಿ ಅಂದ್ರ, ಒಂದು ಪ್ಲಾಸ್ಟಿಕ್ ಡಬ್ಬಿ, ಅದರಾಗ ತೆಳ್ಳಗಿನ ಚಪ್ಪಟೆ ಕೇಬಲ್ಲು ದರ್ಜಿ ಟೇಪ್ ಸುತ್ತಿಟ್ಟಂಗ ಸುತ್ತಿರತೈತಿ. ಡಬ್ಬಿ ಹೊರಭಾಗ ಸ್ಟೇರಿಂಗ್ ಕೆಳಗಿನ ಕಂಬಕ್ಕ (ಕಾಲಂ) ಗಟ್ಟಿ, ಒಳಭಾಗ ಸ್ಟೇರಿಂಗ್ ಜೋಡಿ ತಿರಗತೈತಿ. ಏರ್‌ಬ್ಯಾಗ್, ಹಾರ್ನ್, ಬಟನ್ ಎಲ್ಲಾದರ ಕರೆಂಟೂ ಅದರ ಮ್ಯಾಲಿಂದನ ಹೋಗಬೇಕು. ಎಡದ ಕೊನಿಯಿಂದ ಬಲದ ಕೊನಿಗೆ ಸ್ಟೇರಿಂಗ್ ಎಷ್ಟು ಸುತ್ತು ತಿರಗತೈತಿ ಅದಕ್ಕಿಂತ ಸ್ವಲ್ಪ ಹೆಚ್ಚಿಗಿ ಕೇಬಲ್ ಕೊಟ್ಟಿರತಾರ, ಅಷ್ಟ.

ರ‍್ಯಾಕ್ ಬಿಚ್ಚಿದ್ದಕ್ಕ ಸಂಬಂಧ ಐತ್ರಿ, ಬರೋಬ್ಬರಿ ಐತಿ. ರ‍್ಯಾಕ್ ಇಳಿಸಿದ ಮ್ಯಾಲೆ ಸ್ಟೇರಿಂಗಿಗೆ ತಡಿಯೋದು ಏನೂ ಇರಂಗಿಲ್ಲ, ಸೀಟ್ ಬೆಲ್ಟಿನಿಂದರ ಕಟ್ಟಿ ಇಡಬೇಕು. ಕಟ್ಟದ ಬಿಟ್ಟು ಯಾರರ ಗಿರಗಿರ ತಿರುಗಿಸಿದ್ರು ಅಂದ್ರ ಕೇಬಲ್ ಜಗ್ಗಿ ಹರೀತೈತಿ. ಇನ್ನೊಂದು, ಸ್ಟೇರಿಂಗ್ ನೇರ ಕಾಣತೈತಿ ಅಂತ ಜೋಡಿಸಿಬಿಡತಾರ, ಆದ್ರ ಒಂದು ಪೂರ್ತಿ ಸುತ್ತು ಆಚೀಚೆ ಆಗಿರತೈತಿ. ಅವತ್ತು ಏನೂ ಗೊತ್ತಾಗಂಗಿಲ್ಲ. ಯಾವಾಗರ ಒಮ್ಮೆ ಯು ಟರ್ನ್ ಹೊಡಿಯೋವಾಗ ಕೇಬಲ್ ಮುಗದು ಪಟ್ ಅಂತೈತಿ. ಹೊಸಾದು ಹಾಕೋವಾಗಲೂ ಇದ ಮುಖ್ಯ, ಬಿಚ್ಚೋದೇನ್ ದೊಡ್ಡದಲ್ಲ.

ಕಡಲತಡಿ_ಗ್ಯಾರೇಜ್:

ಕೆಲಸ ಮನೇಲಿ ಮಾಡಬಹುದು ಮಾರಾಯ್ರೆ, ಆದ್ರೆ ಬ್ರೇಕ್ ಪ್ಯಾಡ್ ಹಾಕಿದ ಲೆಕ್ಕದಲ್ಲಿ ಇದಕ್ಕೆ ಕೈ ಹಾಕ್ಬೇಡಿ. ಏರ್‌ಬ್ಯಾಗಿನ ಒಳಗೆ ಗ್ಯಾಸ್ ಹುಟ್ಟಿಸುವ ಮದ್ದು ಉಂಟು, ಒಂದು ಸೆಕೆಂಡಿನ 20ರಲ್ಲಿ ಒಂದು ಪಾಲು ಹೊತ್ತಿನ ಒಳಗೆ ಚೀಲ ಉಬ್ಬಿ ಆಗಿರ್ತದೆ. ಮುಖದ ಹತ್ರ ಅದು ಸುಮ್ನೆ ಹಾರಿದ್ರೆ ಏನಾಗ್ತದೆ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ.

ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಅದು ವಾಪಸ್ ತಾಗದ ಹಾಗೆ ಬಟ್ಟೆ ಸುತ್ತಿ ದೂರ ಇಡಿ. ಆಮೇಲೆ ಕಾಯ್ಬೇಕು. ಬ್ಯಾಟರಿ ತೆಗೆದ ಮೇಲೂ ಯಾಕೆ ಕಾಯೋದು ಅಂದ್ರೆ ಏರ್‌ಬ್ಯಾಗ್ ಕಂಟ್ರೋಲ್ ಯುನಿಟ್‌ನಲ್ಲಿ ಕೆಪ್ಯಾಸಿಟರ್ ಉಂಟು, ಆಕ್ಸಿಡೆಂಟ್‌ನಲ್ಲಿ ಬ್ಯಾಟರಿಯೇ ಕಿತ್ತು ಹೋದ್ರೂ ಬ್ಯಾಗ್ ಬಿಡ್ಲಿಕ್ಕೆ ಕರೆಂಟ್ ಹಿಡಿದಿಟ್ಟುಕೊಂಡಿರ್ತದೆ. ಕೆಲವು ಕಂಪನಿಯ ಮ್ಯಾನ್ಯುವಲ್‌ನಲ್ಲಿ 90 ಸೆಕೆಂಡ್, ಕೆಲವರದ್ದು 3 ನಿಮಿಷ ಅಂತ ಬರೆದಿರ್ತದೆ. ನಾನು ಅರ್ಧ ಗಂಟೆ ಬಿಡ್ತೇನೆ, ಚಾ ಕುಡಿದು ಬನ್ನಿ, ಅದರಿಂದ ನಷ್ಟ ಏನಿಲ್ಲ.

ಏರ್‌ಬ್ಯಾಗಿಗೆ ಮಲ್ಟಿಮೀಟರ್ ಹಿಡೀಲೇಬಾರ್ದು. ಓಮ್ಸ್ ನೋಡ್ಲಿಕ್ಕೆ ಮೀಟರ್ ಬಿಡುವ ಸಣ್ಣ ಕರೆಂಟನ್ನೂ ನಂಬ್ಲಿಕ್ಕೆ ಆಗೋದಿಲ್ಲ. ಬಿಚ್ಚುವ ಮೊದಲು ಕಾರಿನ ಬಾಡಿಯ ಕಬ್ಬಿಣ ಮುಟ್ಟಿ, ಮೈಯ ಸ್ಟ್ಯಾಟಿಕ್ ಹೋಗ್ಲಿ. ಬಿಚ್ಚಿದ ಮೇಲೆ ಕವರ್ ಭಾಗ ನಿಮ್ಮಿಂದ ಆಚೆ ಇರುವ ಹಾಗೆ ಹಿಡ್ಕೊಂಡು ಹೋಗಿ, ಇಡುವಾಗ ಕವರ್ ಮೇಲೆ ಬರುವ ಹಾಗೆ ಇಡಿ, ಮಕ್ಕಳು ಬಾರದ ಜಾಗ, ಬಿಸಿಲೂ ಬೇಡ. ಕವಚಿ ಇಟ್ಟು ಅದು ಹಾರಿದ್ರೆ ಇಡೀ ಏರ್‌ಬ್ಯಾಗೇ ಛಾವಣಿಗೆ ಹಾರಬಹುದು.

ಘಾಟಿ_ಡ್ರೈವರ್:

ಇಬ್ರಿಗೂ ತುಂಬಾ ಥ್ಯಾಂಕ್ಸ್. ರಿಲೇ ನೋಡಿದ್ವಿ, ಎಡಕ್ಕೆ ತಿರುಗಿಸಿದಾಗ ಟಕ್ ಅನ್ನಲ್ಲ, ನೇರ ಇದ್ರೆ ಅನ್ನುತ್ತೆ. ಹಾಗಾದ್ರೆ ಅದೇ. ಈಗ ಪಾರ್ಟಿನ ವಿಷಯ, ಗುಜರಿಯಲ್ಲಿ ಇದೇ ಮಾಡೆಲ್‌ದು ಹಳೇದು ತುಂಬಾ ಕಮ್ಮಿಗೆ ಸಿಗುತ್ತೆ ಅಂತಿದಾರೆ, ತಗೋಬಹುದಾ? ಮತ್ತೆ ಆ ಕೇಬಲ್ಲು ಎರಡೂ ಕಡೆ ಸಮ ಸುತ್ತು ಇರೋ ಹಾಗೆ ಸೆಂಟರ್ ಮಾಡೋದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಿ, ನನಗೆ ಅದೇ ಭಯ.

ಪಾನಾ_ಪೆಟ್ಟಿಗೆ:

ಗುಜರಿದು ಬೇಡ ಗುರುಗಳೇ. ಹಳೇ ಗಾಡಿದು ಎಷ್ಟು ಸವೆದಿದೆ ಹೊರಗಿಂದ ನೋಡಿದ್ರೆ ತಿಳಿಯಲ್ಲ, ಆ ಗಾಡಿ ಗುದ್ದಿ ಏರ್‌ಬ್ಯಾಗ್ ಹಾರಿದ್ದಾದ್ರೆ ಅದರ ಕ್ಲಾಕ್ ಸ್ಪ್ರಿಂಗು ಮತ್ತೆ ಬಳಸೋ ಹಾಗೇ ಇಲ್ಲ, ಬಿಚ್ಚಿ ತಂದೋರು ಸೆಂಟರ್‌ನಲ್ಲಿ ಹಿಡಿದು ತಂದಿರೋದೂ ಇಲ್ಲ. ನಿಮ್ಮ ಹಳೇದರ ಮೇಲಿರೋ ಪಾರ್ಟ್ ನಂಬರ್ ಬರ್ಕೊಂಡು ಅದೇ ನಂಬರ್‌ದು ಹೊಸಾದು ತಗೊಳ್ಳಿ. ಬೆಂಗಳೂರಿಗೆ ಬರೋದಿದ್ರೆ ಜೆ.ಸಿ. ರೋಡಲ್ಲಿ ಕೇಳಿ, ಅಂಗಡೀಲಿ ಕ್ಲಾಕ್ ಸ್ಪ್ರಿಂಗ್ ಅಂದ್ರೆ ಗೊತ್ತಾಗದಿದ್ರೆ ಸ್ಪೈರಲ್ ಕೇಬಲ್ ಅಥವಾ ಕಾಂಟ್ಯಾಕ್ಟ್ ಕಾಯಿಲ್ ಅಂತ ಕೇಳಿ. ಒಂದೇ ಮಾಡೆಲ್ಲಲ್ಲೂ ಆಡಿಯೋ ಬಟನ್ ಇರೋದಕ್ಕೆ ಬೇರೆ, ಇಲ್ಲದ್ದಕ್ಕೆ ಬೇರೆ ಬರುತ್ತೆ, ವೈರ್ ಜೋಡಿಸೋ ಕಪ್ಲರ್‌ನಲ್ಲಿ ಪಿನ್ ಎಣಿಸಿ ತಗೊಳ್ಳಿ.

ಈಗ ಕೆಲಸ. ಮುಂದಿನ ಚಕ್ರ ಎರಡೂ ನೇರ ಮಾಡಿ ನಿಲ್ಲಿಸಿ, ಆಮೇಲೇ ಬ್ಯಾಟರಿ ಬಿಚ್ಚಿ. ಏರ್‌ಬ್ಯಾಗ್ ಕೆಲವು ಗಾಡೀಲಿ ಸ್ಟೇರಿಂಗ್ ಹಿಂದಿಂದ ಎರಡು ಟಾರ್ಕ್ಸ್ ಸ್ಕ್ರೂನಲ್ಲಿ ಇರುತ್ತೆ, ಕೆಲವದರಲ್ಲಿ ಪಕ್ಕದ ತೂತಿಂದ ಸ್ಕ್ರೂಡ್ರೈವರ್ ಹಾಕಿ ಒಳಗಿನ ಸ್ಪ್ರಿಂಗ್ ಕ್ಲಿಪ್ ಒತ್ತಬೇಕು. ಹಳದಿ ಕಪ್ಲರ್‌ಗೆ ಲಾಕ್ ಇರುತ್ತೆ, ಮೊದಲು ಲಾಕ್ ಎತ್ತಿ ಆಮೇಲೆ ಎಳೀರಿ, ವೈರ್ ಹಿಡಿದು ಎಳೀಬೇಡಿ. ನಡುವಿನ ದೊಡ್ಡ ನಟ್ ಬಿಚ್ಚೋ ಮುಂಚೆ ಶಾಫ್ಟ್ ಮೇಲೂ ಸ್ಟೇರಿಂಗ್ ಮೇಲೂ ಒಂದೇ ಗೆರೆಯಾಗೋ ಹಾಗೆ ಪೇಂಟ್ ಮಾರ್ಕ್ ಹಾಕಿ, ಇದು ಬಿಟ್ರೆ ಆಮೇಲೆ ಸ್ಟೇರಿಂಗ್ ಸೊಟ್ಟ ಕೂತ್ಕೊಳ್ಳುತ್ತೆ. ನಟ್ಟನ್ನ ಪೂರ್ತಿ ತೆಗೀದೆ ಒಂದೆರಡು ಥ್ರೆಡ್ ಹಿಡಿದಿರೋ ಹಾಗೆ ಬಿಟ್ಟು ಆಮೇಲೆ ಸ್ಟೇರಿಂಗ್ ಅಲ್ಲಾಡಿಸಿ ಎಳೀರಿ, ಇಲ್ಲಾಂದ್ರೆ ತಟ್ ಅಂತ ಬಿಟ್ಟು ನೇರ ಬಾಯಿಗೆ ಬಡಿಯುತ್ತೆ. ಶಾಫ್ಟಿಗೆ ಸುತ್ತಿಗೆ ಹಾಕ್ಬೇಡಿ, ಬರದಿದ್ರೆ ಪುಲ್ಲರ್ ತನ್ನಿ. ಕಾಲಂ ಕವರಿನ ಸ್ಕ್ರೂ ಬಿಚ್ಚಿದ್ರೆ ಕ್ಲಾಕ್ ಸ್ಪ್ರಿಂಗ್ ಕಾಣುತ್ತೆ, ಅದು ಮೂರ್ನಾಲ್ಕು ಸ್ಕ್ರೂ ಅಥವಾ ಕ್ಲಿಪ್ ಅಷ್ಟೇ.

ಹೊಸಾದು ಸೆಂಟರ್ ಮಾಡಿ ಪಿನ್ ಅಥವಾ ಸ್ಟಿಕ್ಕರ್ ಹಾಕಿ ಲಾಕ್ ಮಾಡಿಯೇ ಬರುತ್ತೆ. ಅದನ್ನ ಕಾಲಂ ಮೇಲೆ ಕೂರಿಸೋವರೆಗೂ ತೆಗೀಬೇಡಿ, ಕುತೂಹಲಕ್ಕೆ ಅಂತಲೂ ತಿರುಗಿಸಿ ನೋಡ್ಬೇಡಿ. ಅಕಸ್ಮಾತ್ ಪಿನ್ ಬಿದ್ದು ತಿರುಗಿಬಿಟ್ರೆ, ಕೈಯಲ್ಲಿ ಹಗುರವಾಗಿ ಬಲಕ್ಕೆ ತಿರುಗಿಸ್ತಾ ಹೋಗಿ, ನಿಂತ ಕಡೆ ನಿಲ್ಲಿಸಿ, ಒತ್ತಿ ತಿರುಗಿಸಿದ್ರೆ ಅಲ್ಲೇ ಹರಿಯುತ್ತೆ. ಅಲ್ಲಿಂದ ಎಡಕ್ಕೆ ಸುತ್ತು ಎಣಿಸ್ತಾ ಇನ್ನೊಂದು ಕೊನೆವರೆಗೆ ಹೋಗಿ. ಒಟ್ಟು 5 ಸುತ್ತು ಬಂತು ಅಂದ್ಕೊಳ್ಳಿ, ಬಲಕ್ಕೆ ಎರಡೂವರೆ ವಾಪಸ್ ಬಂದು ಡಬ್ಬಿ ಮೇಲಿನ ಎರಡು ಬಾಣದ ಗುರುತು ಎದುರುಬದುರು ತನ್ನಿ. ಬಾಣ ಪ್ರತಿ ಸುತ್ತಲ್ಲೂ ಒಂದು ಸಲ ಎದುರಾಗುತ್ತೆ, ಆದ್ರಿಂದ ಬಾಣ ಮಾತ್ರ ನೋಡಿ ಕೂರಿಸಿದ್ರೆ ಸಾಲದು, ಸುತ್ತು ಎಣಿಸಲೇಬೇಕು. ಇಡೀ ಕೆಲಸದಲ್ಲಿ ತಪ್ಪೋದು ಇಲ್ಲೇ.

ವಾಪಸ್ ಕೂರಿಸುವಾಗ ನಟ್ಟನ್ನ ಅಂದಾಜಲ್ಲಿ ಬಿಗೀಬೇಡಿ, ನಿಮ್ಮ ಗಾಡಿಗೆ ಎಷ್ಟು ನ್ಯೂಟನ್ ಮೀಟರ್ ಅಂತ ಮ್ಯಾನ್ಯುವಲ್ ನೋಡಿ ಟಾರ್ಕ್ ರೆಂಚಲ್ಲೇ ಬಿಗೀರಿ, ಸ್ಟೇರಿಂಗ್ ಹಿಡಿದಿರೋದು ಆ ಒಂದು ನಟ್ಟು. ಬ್ಯಾಟರಿ ಹಾಕಿದ ಮೇಲೆ ಮೊದಲ ಸಲ ಕೀ ಆನ್ ಮಾಡುವಾಗ ಸೀಟಲ್ಲಿ ಯಾರೂ ಕೂರಬೇಡಿ, ಕಿಟಕಿಯಿಂದ ಕೈ ಹಾಕಿ ಆನ್ ಮಾಡಿ.

ಧಾರವಾಡ_ವೈರಿಂಗ್:

ಬರೋಬ್ಬರಿ ಹೇಳ್ಯಾರ. ಒಂದು ಮಾತು ಕೂಡಸ್ತೀನಿ, ಗಾಡ್ಯಾಗ ಜಾರದಂಗ ತಡಿಯೋ ವ್ಯವಸ್ಥಾ, ಅಂದ್ರ ಇಎಸ್‌ಪಿ ಇದ್ರ ಕೆಲವದರಾಗ ಸ್ಟೇರಿಂಗ್ ಆ್ಯಂಗಲ್ ಸೆನ್ಸರ್ ಈ ಡಬ್ಬಿ ಜೋಡಿನ ಇರತೈತಿ. ಹಂಗಿದ್ರ ಹಾಕಿದ ಮ್ಯಾಲೆ ಸ್ಕ್ಯಾನರ್ ಹಚ್ಚಿ ಕ್ಯಾಲಿಬ್ರೇಷನ್ ಮಾಡಿಸಬೇಕು.

ಘಾಟಿ_ಡ್ರೈವರ್:

ನಮ್ಮದ್ರಲ್ಲಿ ಇಎಸ್‌ಪಿ ಇಲ್ಲ. ಹೊಸಾದು ತಂದು ಭಾನುವಾರ ಹಾಕಿದ್ವಿ, ನೀವು ಹೇಳಿದ ಹಾಗೇ ಒಂದೊಂದಾಗಿ. ಹಳೇದನ್ನ ಬಿಚ್ಚಿ ನೋಡಿದ್ರೆ ಕೇಬಲ್ಲು ಮಡಿಚಿ ಒಂದು ಕಡೆ ಹರಿದಿತ್ತು. ಹಾರ್ನ್ ಎರಡೂ ಕಡೆ ಕೊನೆವರೆಗೂ ಬರುತ್ತೆ, ಬಟನ್ ಎಲ್ಲ ಸರಿ ಇದೆ, ಸ್ಟೇರಿಂಗ್ ನೇರ ಇದೆ. ಆದ್ರೆ ಏರ್‌ಬ್ಯಾಗ್ ಲೈಟ್ ಮಾತ್ರ ಇನ್ನೂ ಆರಿಲ್ಲ. ಪಕ್ಕದ ಬೀದಿ ಎಲೆಕ್ಟ್ರಿಷಿಯನ್ನು ಒಂದು ರೆಸಿಸ್ಟರ್ ಹಾಕಿಬಿಟ್ರೆ ಆರುತ್ತೆ ಅಂತಾನೆ?

ಕಡಲತಡಿ_ಗ್ಯಾರೇಜ್:

ಅಯ್ಯೋ ಬೇಡವೇ ಬೇಡ ಮಾರಾಯ್ರೆ! ರೆಸಿಸ್ಟರ್ ಹಾಕಿದ್ರೆ ಕಂಟ್ರೋಲ್ ಯುನಿಟ್‌ಗೆ ಏರ್‌ಬ್ಯಾಗ್ ಉಂಟು ಅಂತ ಸುಳ್ಳು ಹೇಳಿದ ಹಾಗೆ, ಲೈಟ್ ಆರ್ತದೆ, ಗುದ್ದಿದ ದಿನ ಬ್ಯಾಗ್ ಬರೋದಿಲ್ಲ. ಫಾಲ್ಟ್ ಹುಡುಕುವಾಗ ಗ್ಯಾರೇಜಿನಲ್ಲಿ ಸ್ವಲ್ಪ ಹೊತ್ತಿಗೆ ಹಾಕಿ ನೋಡೋದು ಬೇರೆ, ಅದನ್ನೇ ಬಿಟ್ಟು ಗಾಡಿ ಓಡಿಸೋದು ಮಹಾ ಅನ್ಯಾಯ, ಆ ಸೀಟಲ್ಲಿ ಕೂರುವವರು ನೀವೋ ನಿಮ್ಮ ಮನೆಯವರೋ ಅಲ್ವಾ.

ನಿಮ್ಮ ಗಾಡೀಲಿ ಹಳೇ ಫಾಲ್ಟ್ ಕೋಡ್ ಮೆಮೊರಿಯಲ್ಲಿ ಕೂತಿರಬೇಕು. ಸುಮಾರು ಗಾಡಿಗಳಲ್ಲಿ ಅದು ತಾನಾಗಿ ಹೋಗೋದಿಲ್ಲ, ಬ್ಯಾಟರಿ ತೆಗೆದು ಹಾಕಿದ್ರೂ ಹೋಗೋದಿಲ್ಲ. ಫೋನಿಗೆ ಜೋಡಿಸುವ ಅಗ್ಗದ ಸ್ಕ್ಯಾನರ್ ಹೆಚ್ಚಾಗಿ ಇಂಜಿನ್ ಕೋಡ್ ಮಾತ್ರ ಓದ್ತದೆ, ಏರ್‌ಬ್ಯಾಗ್ ಯುನಿಟ್ ಓದುವ ಸ್ಕ್ಯಾನರ್ ಇರುವಲ್ಲಿ ಹೋಗಿ. ಕೋಡ್ ಅಳಿಸಿದ ಮೇಲೆ ಕೀ ಆನ್ ಮಾಡಿದ್ರೆ ಲೈಟ್ ಕೆಲವು ಸೆಕೆಂಡ್ ಉರಿದು ಆರಬೇಕು. ಅಳಿಸಿದ ಕೂಡ್ಲೇ ಡ್ರೈವರ್ ಏರ್‌ಬ್ಯಾಗ್ ರೆಸಿಸ್ಟೆನ್ಸ್ ಜಾಸ್ತಿ ಅಂತ ಪುನಃ ಬಂದ್ರೆ ಹಳದಿ ಕಪ್ಲರ್ ಪೂರ್ತಿ ಕೂತಿಲ್ಲ ಅಂತ ಸಂಶಯ ಪಡಿ. ಪುನಃ ಬ್ಯಾಟರಿ ಬಿಚ್ಚಿ, ಪುನಃ ಕಾದು, ಲಾಕ್ ಟಿಕ್ ಅಂತ ಕೂತಿದ್ಯಾ ನೋಡಿ. ಕಾಲಂ ಕೆಳಗಿನ ಕಪ್ಲರ್ ಕೂಡ ಬಿಡ್ಬೇಡಿ.

ಘಾಟಿ_ಡ್ರೈವರ್:

ಸರಿ ಅಣ್ಣ, ರೆಸಿಸ್ಟರ್ ಮಾತು ಬಿಟ್ಟೆ. ಹಾಸನದಲ್ಲಿ ಏರ್‌ಬ್ಯಾಗ್ ಕೋಡ್ ಓದೋ ಸ್ಕ್ಯಾನರ್ ಇರೋ ಕಡೆ ಯಾರಿಗಾದ್ರೂ ಗೊತ್ತಿದ್ರೆ ಮೆಸೇಜ್ ಮಾಡಿ. ಲೈಟ್ ಆರೋವರೆಗೂ ಗಾಡಿ ಘಾಟಿಗೆ ಇಳಿಸಲ್ಲ.