ತುಕ್ಕು ಹಿಡಿದ ಬ್ರೇಕ್ ಪೈಪು: ಬದಲಿಸಬೇಕಾ, ಗ್ರೀಸ್ ಹಚ್ಚಿ ಓಡಿಸಬಹುದಾ?

ಪ್ರಶ್ನೆ, ಬನಶಂಕರಿಯಿಂದ:

ಸುರತ್ಕಲ್‌ನಲ್ಲಿರುವ ನಮ್ಮ ಚಿಕ್ಕಪ್ಪನ 2008ರ ಸಣ್ಣ ಪೆಟ್ರೋಲ್ ಕಾರು ಈಗ ನಮ್ಮ ಮನೆಗೆ ಬಂದಿದೆ. ಇಂಜಿನ್ ಚೆನ್ನಾಗಿದೆ, ಎಪ್ಪತ್ತು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ. ಆಯಿಲ್ ಬದಲಿಸಲು ಲಿಫ್ಟ್‌ಗೆ ಹತ್ತಿಸಿದಾಗ ಮೆಕ್ಯಾನಿಕ್ ಕರೆದು ತೋರಿಸಿದರು. ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಪೈಪುಗಳು ಪೂರ್ತಿ ಕಂದು ಬಣ್ಣ. 'ನಾಲ್ಕೂ ಪೈಪು ಹೊಸದು ಹಾಕಿಸಿ' ಅಂದರು. ಮನೆ ಹತ್ತಿರದ ಇನ್ನೊಬ್ಬರು 'ಅದೆಲ್ಲ ಮಾಮೂಲಿ, ಗ್ರೀಸ್ ಹಚ್ಚಿ ಓಡಿಸಿ' ಅಂದರು. ಬ್ರೇಕ್ ಅಂತೂ ಚೆನ್ನಾಗೇ ಹಿಡಿಯುತ್ತಿದೆ. ಮಗಳು ದಿನಾ ಕೆಂಗೇರಿಗೆ ಕಾಲೇಜಿಗೆ ಇದರಲ್ಲೇ ಹೋಗುತ್ತಾಳೆ. ಯಾರ ಮಾತು ಕೇಳಲಿ?

ಜಯನಗರದಿಂದ:

'ಬ್ರೇಕ್ ಚೆನ್ನಾಗೇ ಹಿಡಿಯುತ್ತಿದೆ' ಅಂತ ನಾನೂ ಎರಡು ವರ್ಷ ಹೇಳಿಕೊಂಡು ಓಡಾಡಿದವನೇ. ನಮ್ಮ ಮಾವನವರ ಕಾರು ಕುಂದಾಪುರದ್ದು. ಅವರ ಮನೆಯಿಂದ ಸಮುದ್ರಕ್ಕೆ ನಡೆದೇ ಹೋಗಬಹುದು. ಇಲ್ಲಿಗೆ ತಂದ ಮೇಲೆ ಅದರ ಓಡಾಟ ಏನಿದ್ದರೂ ಜಯನಗರದಿಂದ ಕೋರಮಂಗಲ, ವಾಪಸ್ ಜಯನಗರ. ಇಪ್ಪತ್ತು ಮೂವತ್ತರ ವೇಗ. ಪೆಡಲ್ ಮೇಲೆ ಸುಮ್ನೆ ಕಾಲಿಟ್ಟರೆ ಗಾಡಿ ನಿಲ್ಲುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆ ಖಾಲಿ ಇತ್ತು. ನಾಯಿ ಅಡ್ಡ ಬಂತು. ಕಾಲಲ್ಲಿದ್ದ ಬಲವೆಲ್ಲ ಹಾಕಿ ಒತ್ತಿದೆ. ಪೆಡಲ್ ಒಂದು ಗಳಿಗೆ ಗಟ್ಟಿಯಾಗಿತ್ತು, ಆಮೇಲೆ ಕೆಸರಲ್ಲಿ ಕಾಲಿಟ್ಟ ಹಾಗೆ ಕೆಳಗೆ ಕುಸಿಯಿತು. ಕಾರು ನಿಂತಿತು, ಆದರೆ ನಾನು ಅಂದುಕೊಂಡ ಜಾಗಕ್ಕಿಂತ ಎಷ್ಟೋ ಮುಂದೆ. ನಾಯಿ ಬದುಕಿತು, ಅದರ ಪುಣ್ಯ. ಇಳಿದು ನೋಡಿದರೆ ಹಿಂದಿನ ಎಡ ಚಕ್ರದ ಹತ್ತಿರ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿತ್ತು. ಪೈಪು ಒಡೆದದ್ದು ಕ್ಲಿಪ್ಪಿನ ಅಡಿಯಲ್ಲಿ, ಮಣ್ಣು ಕಚ್ಚಿಕೊಂಡಿದ್ದ ಜಾಗದಲ್ಲಿ.

ಅಷ್ಟಾದರೂ ನಿಂತಿತಲ್ಲ, ಯಾಕೆ ಅಂದರೆ ಇಂಥ ಕಾರುಗಳಲ್ಲಿ ಬ್ರೇಕ್ ಎರಡು ಭಾಗವಾಗಿರುತ್ತದೆ. ಮುಂದಿನ ಬಲ ಚಕ್ರಕ್ಕೆ ಹಿಂದಿನ ಎಡ ಚಕ್ರ ಜೋಡಿ, ಮುಂದಿನ ಎಡಕ್ಕೆ ಹಿಂದಿನ ಬಲ. ಒಂದು ಜೋಡಿ ಹೋದರೂ ಇನ್ನೊಂದು ಉಳಿಯುತ್ತದೆ. ಅರ್ಧ ಬ್ರೇಕಿನಲ್ಲಿ ನಾನು ನಿಂತೆ. ಎದುರಿಗೆ ಸ್ಕೂಟರ್ ಇದ್ದಿದ್ದರೆ ಈ ಕಥೆಯನ್ನು ಇಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ.

ನಮ್ಮೂರಿನ ಟ್ರಾಫಿಕ್ ಈ ವಿಷಯದಲ್ಲಿ ಮೋಸ ಮಾಡುತ್ತದೆ. ದಿನಕ್ಕೆ ಸಾವಿರ ಸಲ ಬ್ರೇಕ್ ಒತ್ತುತ್ತೇವೆ, ಎಲ್ಲ ಮೆತ್ತಗೆ. ಸೋತ ಪೈಪು ಅದನ್ನು ವರ್ಷಗಟ್ಟಲೆ ತಡೆದುಕೊಳ್ಳುತ್ತದೆ. ಜೋರಾಗಿ ಒತ್ತುವ ದಿನವೇ ಅದು ಒಡೆಯುವುದು.

ಮಲ್ಲೇಶ್ವರದಿಂದ:

ಎಲ್ಲರೂ ಹೀಗೆ ಹೆದರಬೇಕಿಲ್ಲ. ನನ್ನದು 2006ರ ಕಾರು, ಹುಟ್ಟಿದಾಗಿನಿಂದ ಬೆಂಗಳೂರಿನದೇ. ಇಲ್ಲಿ ಸಮುದ್ರದ ಉಪ್ಪು ಗಾಳಿ ಇಲ್ಲ, ಹಿಮದ ದೇಶಗಳ ಹಾಗೆ ರಸ್ತೆಗೆ ಉಪ್ಪು ಸುರಿಯುವುದೂ ಇಲ್ಲ. ನನಗೂ 'ಪೂರ್ತಿ ಸೆಟ್ ಬದಲಿಸಿ' ಅಂದಿದ್ದರು. ಬೇರೆಯವರ ಹತ್ತಿರ ಎಮರಿ ಪೇಪರ್‌ನಿಂದ ಉಜ್ಜಿಸಿ ನೋಡಿದೆ. ತುಕ್ಕು ಮೇಲುಮೇಲೆ ಅಷ್ಟೇ, ಒಳಗೆ ಲೋಹ ನುಣ್ಣಗಿತ್ತು. ಆ್ಯಂಟಿ ರಸ್ಟ್ ಬಳಿಸಿದೆ. ಮೂರು ವರ್ಷವಾಯಿತು, ಪ್ರತಿ ಸರ್ವಿಸ್‌ಗೂ ನೋಡಿಸುತ್ತೇನೆ, ಹಾಗೇ ಇದೆ. ಆದರೆ ನಿಮ್ಮದು ಸುರತ್ಕಲ್ ಗಾಡಿ. ನನ್ನ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ವಿಲ್ಸನ್ ಗಾರ್ಡನ್‌ನಿಂದ, ಗ್ಯಾರೇಜ್ ಕೆಲಸದವನು:

ಸರ್, ಬಣ್ಣ ನೋಡಿ ಹೇಳುವ ವಿಷಯ ಅಲ್ಲ ಇದು. ಆ ಪೈಪು ಹೊರಗಡೆ 4.75 ಮಿ.ಮೀ. ದಪ್ಪ, ಉಕ್ಕಿನ ಗೋಡೆ ಸುಮಾರು 0.7 ಮಿ.ಮೀ. ಮಾತ್ರ. ಪೂರ್ತಿ ಬ್ರೇಕ್ ಒತ್ತಿದಾಗ ಒಳಗಿನ ಒತ್ತಡ ಟೈರಿನ ಗಾಳಿಗಿಂತ ಮೂವತ್ತು ಪಟ್ಟಿಗೂ ಜಾಸ್ತಿ ಹೋಗುತ್ತದೆ. ಅಷ್ಟು ತೆಳ್ಳಗಿನ ಗೋಡೆಯಲ್ಲಿ ತುಕ್ಕು ತಿನ್ನಲು ಬಿಡುವಷ್ಟು ಜಾಗ ಎಲ್ಲಿದೆ?

ನಾನು ಮಾಡುವುದು ಇಷ್ಟು. ಬಟ್ಟೆಯಲ್ಲಿ ಒರೆಸಿ, ಎಮರಿಯಿಂದ ಮೆಲ್ಲಗೆ ಉಜ್ಜಿ, ಉಗುರು ಆಡಿಸುತ್ತೇನೆ. ಉಗುರು ನುಣ್ಣಗೆ ಜಾರಿದರೆ ಗಾಬರಿ ಇಲ್ಲ. ಗುಳಿಗೆ ಸಿಕ್ಕಿಕೊಂಡರೆ, ತುಕ್ಕು ಹಕ್ಕಳೆ ಹಕ್ಕಳೆಯಾಗಿ ಎದ್ದರೆ ಪೈಪು ಬದಲಿಸಲೇಬೇಕು. ಒದ್ದೆ ಕಂಡರೆ ಗಾಡಿ ಗ್ಯಾರೇಜ್‌ನಲ್ಲೇ ಇರಲಿ, ಓಡಿಸಿಕೊಂಡು ಹೋಗಬೇಡಿ. ಕ್ಲಿಪ್ ಬಿಚ್ಚದೆ ನೋಡಿದರೆ ನೋಡಿದ ಹಾಗೇ ಅಲ್ಲ. ಪೆಟ್ರೋಲ್ ಟ್ಯಾಂಕಿನ ಪಕ್ಕ, ಹಿಂದಿನ ಆ್ಯಕ್ಸಲ್ ಹತ್ತಿರ, ಎಲ್ಲಿ ಮಣ್ಣು ನಿಲ್ಲುತ್ತದೋ ಅಲ್ಲಿ ನೋಡಬೇಕು. ಗ್ರೀಸ್ ಹಚ್ಚುವುದು ತಪ್ಪಲ್ಲ, ಆದರೆ ಗುಳಿ ಬಿದ್ದ ಮೇಲೆ ಹಚ್ಚಿದರೆ ಗುಳಿ ಕಣ್ಣಿಗೆ ಮರೆಯಾಗುತ್ತದೆ ಅಷ್ಟೇ.

ನಾಲ್ಕೂ ಬೇಕಾ ಅಂದರೆ, ಸಾಮಾನ್ಯವಾಗಿ ಬೇಡ. ಬಾನೆಟ್ ಒಳಗಿನ ಮುಂದಿನ ಪೈಪುಗಳಿಗೆ ನೀರು ಕಡಿಮೆ ತಾಗುತ್ತದೆ, ನೋಡಿ ಬಿಡಬಹುದು. ಹಿಂದಿನ ಉದ್ದದ ಎರಡರಲ್ಲಿ ಒಂದು ಕೆಟ್ಟಿದ್ದರೆ ಎರಡನ್ನೂ ತೆಗೆಸಿ. ಎರಡೂ ಕುಡಿದಿರುವುದು ಒಂದೇ ನೀರು.

ಕೆಟ್ಟ ತುಂಡು ಕತ್ತರಿಸಿ ಮಧ್ಯೆ ಕಂಪ್ರೆಷನ್ ಜಾಯಿಂಟ್ (ನಟ್ ಬಿಗಿದು ಎರಡು ತುಂಡು ಕೂಡಿಸುವ ಜೋಡಣೆ) ಹಾಕಿಕೊಡುತ್ತೇವೆ ಅನ್ನುವವರ ಹತ್ತಿರ ಮಾತೇ ಬೇಡ. ಅದು ನೀರಿನ ನಲ್ಲಿಯ ಕೆಲಸ. ತಾಮ್ರದ ಪೈಪು ಬಗ್ಗಿಸಲು ಸುಲಭ ಅಂತ ಹಾಕುತ್ತಾರೆ, ಅದು ಅಲುಗಾಡಿ ಅಲುಗಾಡಿ ಬಿರುಕು ಬಿಡುತ್ತದೆ. ಕಂಪನಿ ಪೈಪು ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ತಾಮ್ರ ನಿಕಲ್ ಮಿಶ್ರಣದ್ದು ತುಕ್ಕು ಹಿಡಿಯುವುದಿಲ್ಲ. ಆದರೆ ತುದಿಯ ಫ್ಲೇರ್, ಅಂದರೆ ಪೈಪಿನ ಅಗಲಿಸಿದ ಬಾಯಿ, ಹಳೆಯದರ ಹಾಗೇ ಇರಬೇಕು. ಫ್ಲೇರ್ ಬೇರೆಯಾದರೆ ಎಷ್ಟು ಬಿಗಿದರೂ ಸೋರುತ್ತದೆ.

ಜೊತೆಗೇ ರಬ್ಬರ್ ಹೋಸ್‌ಗಳನ್ನು ನೋಡಿಸಿ, ಬಿರುಕಿದ್ದರೆ ಹೊಸದು ಹಾಕಿಸಿ. ಬ್ರೇಕ್ ಆಯಿಲ್ ಹೇಗೂ ಹೊಸದು ತುಂಬಬೇಕು. ದರ್ಜೆ ಡಾಟ್ 3 ಆಗಲಿ ಡಾಟ್ 4 ಆಗಲಿ, ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿಸಿ. ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಪೈಪು ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಕೊನೆಗೆ ಬ್ಲೀಡ್ ಮಾಡಿ ಗಾಳಿ ತೆಗೆದ ಮೇಲೆ, ಇಂಜಿನ್ ಚಾಲೂ ಇಟ್ಟು ನಿಂತಲ್ಲೇ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಧಾನವಾಗಿ ಇಳಿಯುತ್ತಾ ಹೋದರೆ ಕೆಲಸ ಮುಗಿದಿಲ್ಲ ಅಂತ ಅರ್ಥ.

ಬೆಳ್ಳಂದೂರಿನಿಂದ:

ಬೆಂಗಳೂರಿನ ಗಾಡಿಗೆ ತುಕ್ಕಿಲ್ಲ ಅನ್ನುವ ಮಾತಿಗೆ ನನ್ನದೊಂದು ತಕರಾರು ಇದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಕೆರೆಯಾಗಿತ್ತು. ಕಾರು ಮೂರು ದಿನ ನೀರಲ್ಲೇ ನಿಂತಿತ್ತು. ಇಂಜಿನ್, ಸೀಟು ಎಲ್ಲ ಸರಿ ಮಾಡಿಸಿದೆವು, ಕೆಳಗಡೆ ಕಪ್ಪು ಕೋಟಿಂಗ್ ಹೊಡೆಸಿ ನಿಶ್ಚಿಂತೆಯಾಗಿದ್ದೆವು. ಆ ಕೋಟಿಂಗ್ ಒಳಗೇ ಪೈಪು ಕರಗುತ್ತಿತ್ತು! ನಮ್ಮನೆಯವರು ಪಾರ್ಕಿಂಗ್ ನೆಲದಲ್ಲಿ ಸಣ್ಣ ಕಲೆ ನೋಡಿದ್ದಕ್ಕೆ ಗೊತ್ತಾಯಿತು.

ಖರ್ಚಿನ ವಿಷಯ. ಪೈಪಿಗೆ ಕೊಟ್ಟಿದ್ದು ಕಡಿಮೆ, ಕೂಲಿ ಅದಕ್ಕಿಂತ ಜಾಸ್ತಿ. ಅದಕ್ಕಿಂತ ದೊಡ್ಡ ತಲೆನೋವು ಹಳೆಯ ನಟ್ಟುಗಳು. ಮಾಮೂಲಿ ಸ್ಪ್ಯಾನರ್ ಹಾಕಿ ಮೂಲೆ ಸವೆಸಿಬಿಟ್ಟರು. ಗಾಳಿ ತೆಗೆಯುವ ಬ್ಲೀಡರ್ ನಿಪ್ಪಲ್ ಒಂದು ಮುರಿಯಿತು, ಅದಕ್ಕೆ ಅದು ಕೂತಿರುವ ವೀಲ್ ಸಿಲಿಂಡರನ್ನೇ ಹೊಸದು ಹಾಕಿಸಬೇಕಾಯಿತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಲು ಹೇಳಿ. ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಇದೆಯಾ ಅಂತ ಮೊದಲೇ ಕೇಳಿ. ಇಲ್ಲ ಅಂದರೆ ಬೇರೆ ಗ್ಯಾರೇಜ್ ನೋಡಿ. ಪೈಪು ನಾವೇ ಜೆ.ಸಿ. ರಸ್ತೆಯಲ್ಲಿ ತಂದೆವು. ಹಳೆಯ ಪೈಪನ್ನು ಜೊತೆಗೆ ಒಯ್ಯದೆ ಹೋಗಿ ಎರಡು ಸಲ ಅಲೆದದ್ದೂ ನಾವೇ.

ಮತ್ತೆ ಬನಶಂಕರಿಯಿಂದ, ಹತ್ತು ದಿನದ ಮೇಲೆ:

ಎಲ್ಲರಿಗೂ ಥ್ಯಾಂಕ್ಸ್. ನನ್ನ ಎದುರಿಗೇ ಕ್ಲಿಪ್ ಬಿಚ್ಚಿಸಿ ಉಜ್ಜಿಸಿದೆ. ಬಲಗಡೆಯದು ಉದ್ದಕ್ಕೂ ಗುಳಿ. ಎಡಗಡೆಯದು ಮುಕ್ಕಾಲು ಭಾಗ ನುಣ್ಣಗಿತ್ತು, ಆ್ಯಕ್ಸಲ್ ಹತ್ತಿರದ ಕ್ಲಿಪ್ಪಿನಡಿ ಮಾತ್ರ ಉಗುರು ಸಿಕ್ಕಿತು. ಹಿಂದಿನ ಎರಡೂ ಪೈಪು, ಎರಡು ಹೋಸ್ ಹೊಸದು ಹಾಕಿಸಿದೆ. ಮುಂದಿನವನ್ನು ಮುಟ್ಟಲಿಲ್ಲ. ನಿಪ್ಪಲ್ ನಮಗೂ ಒಂದು ಮುರಿಯಿತು. ಕೆಲಸ ಮುಗಿಯುವವರೆಗೆ ಎರಡು ದಿನ ಮಗಳು ಮೆಟ್ರೋದಲ್ಲಿ ಹೋದಳು, ಬೇಗ ತಲುಪಿದೆ ಅಂತ ಖುಷಿಯಲ್ಲೇ ಇದ್ದಳು.

ಹಳೆಯ ಪೈಪಿನ ತುಂಡು ಮನೆಗೆ ತಂದು ಬಗ್ಗಿಸಿದೆ. ಕ್ಲಿಪ್ ಇದ್ದ ಜಾಗದಲ್ಲಿ ಪಟ್ ಅಂತ ಮುರಿಯಿತು. ಮಗಳು ಅದರ ಫೋಟೋ ಸುರತ್ಕಲ್‌ಗೆ ಕಳಿಸಿದಳು. 'ನನಗೆ ಯಾವತ್ತೂ ತೊಂದರೆ ಕೊಡ್ಲಿಲ್ಲ ಮಾರಾಯ್ತಿ' ಅಂತ ಉತ್ತರ ಬಂತು. ಹ್ಯಾಂಡ್ ಬ್ರೇಕ್ ಕೇಬಲ್ ಕೂಡ ಗಟ್ಟಿಯಾಗಿ ಹಿಡಿದುಕೊಂಡಿದೆಯಂತೆ, ಮುಂದಿನ ಶನಿವಾರ ಅದನ್ನು ಬಿಚ್ಚಿಸುತ್ತಿದ್ದೇನೆ.