ಪದ ಬೇಕು, ಇವತ್ತೇ: 'ನೆಚೆಝೋಲ್' ಕಾಫಿಗೆ ಕನ್ನಡದಲ್ಲಿ ಏನನ್ನೋಣ?

ಮೈಸೂರಿನಿಂದ:
ಗೆಳೆಯರೇ, ಸರ್ವಾಧಿಕಾರಿ ಚೌಷೆಸ್ಕು ಕಾಲದ ರುಮೇನಿಯಾ ಬಗ್ಗೆ ಒಂದು ಫೋಟೊ ಪ್ರದರ್ಶನ ಇದೆ. ಫಲಕಗಳು ಸಂಜೆ ಪ್ರಿಂಟಿಗೆ ಹೋಗಬೇಕು. ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. 1980ರ ದಶಕದಲ್ಲಿ ಅಲ್ಲಿ ನಿಜವಾದ ಕಾಫಿ ಅಪರೂಪ. ಅಂಗಡಿಯಲ್ಲಿ ಇರುತ್ತಿದ್ದದ್ದು ಹುರಿದ ಧಾನ್ಯದ ಪುಡಿಗೆ ಚೂರು ಕಾಫಿ ಬೆರೆಸಿದ್ದು. ಅದರಲ್ಲಿ ಓಟ್ಸ್ ಇದೆ, ಅದು ಕುದುರೆ ಮೇವು ಅಂತ ಜನ 'ನೆಚೆಝಾ', ಅಂದರೆ ಕೆನೆಯುವುದು, ಅನ್ನುವ ಕ್ರಿಯಾಪದದಿಂದ 'ನೆಚೆಝೋಲ್' ಅಂತ ಹೆಸರು ಕಟ್ಟಿದರು. ಕೊನೆಯ 'ಓಲ್' ಔಷಧಿ ಹೆಸರಿನ ಹಾಗೆ. 'ಬದಲಿ ಕಾಫಿ' ಅಂದರೆ ಅರ್ಥ ಬರುತ್ತೆ, ನಗು ಬರಲ್ಲ.

ಬೆಂಗಳೂರಿನಿಂದ:
ಮೊದಲು ಉಚ್ಚಾರ ಸರಿ ಮಾಡಿಕೊಳ್ಳಿ. ಆ ಭಾಷೆಯಲ್ಲಿ ಸಿ, ಎಚ್, ಇ ಸೇರಿದರೆ 'ಕೆ'. ನೆಕೆಝೋಲ್. ಕನ್ನಡದಲ್ಲಿ ಕೆನೆಗಾಪಿ. ಮುಗಿಯಿತು. ಕೆನೆ ಅಪ್ಪಟ ದ್ರಾವಿಡ ಧಾತು, ತಮಿಳಿನಲ್ಲಿ ಕನೈ. ಕೆನೆತಕ್ಕೆ ಸಂಸ್ಕೃತದ 'ಹೇಷಾರವ' ಯಾರೂ ಹೊತ್ತುಕೊಂಡು ಬರಬೇಡಿ.

ಧಾರವಾಡದಿಂದ:
ಧಾತು ಸರಿ ಇದೆ ರೀ, ಆದರೆ ಕೆನೆಗಾಪಿ ಅಂದರೆ ಯಾರಿಗೂ ಕುದುರೆ ಕಾಣಲ್ಲ, ಹಾಲಿನ ಕೆನೆ ಕಾಣುತ್ತೆ. ಹಾಲಿಗೆ ನಸುಕಿನಲ್ಲೇ ಎದ್ದು ಪಾಳಿ ಹಚ್ಚುತ್ತಿದ್ದ ಜನರ ಫೋಟೊ ಕೆಳಗೆ ಕೆನೆ! ನಮ್ಮಲ್ಲಿ ಕುದುರೆಗೆ ಹಾಕುವುದು ಹುರುಳಿ. ಹುರುಳಿ ಕಾಫಿ ಅನ್ನಿ. ಹುರುಳಿಲ್ಲದ ಕಾಫಿ ಅಂತಲೂ ಕೇಳಿಸುತ್ತೆ.

ಬೆಂಗಳೂರಿನಿಂದ:
ಅದರಲ್ಲಿ ಹುರುಳಿ ಇತ್ತೇ? ಮತ್ತೆ? ಹುರುಳು ಬೇರೆ, ಹುರುಳಿ ಬೇರೆ.

ಶಿವಮೊಗ್ಗದಿಂದ:
ನೆಕೆಝೋಲ್ ಅಂತಲೇ ಇಡಿ. ಇದು ಬರೀ ಪುಡಿಯ ಹೆಸರಲ್ಲ. 1981ರ ಹೊತ್ತಿಗೆ ಅಲ್ಲಿನ ಸರ್ಕಾರಕ್ಕೆ ಸುಮಾರು 1,000 ಕೋಟಿ ಡಾಲರ್ ವಿದೇಶಿ ಸಾಲ. ತೀರಿಸಿಯೇ ಸಿದ್ಧ ಅಂತ ಹೊರಟ ಚೌಷೆಸ್ಕು ಮಾಂಸ, ಧಾನ್ಯ ಎಲ್ಲ ರಫ್ತು ಮಾಡಿಸಿದ. ಒಳಗೆ ಬ್ರೆಡ್ಡು, ಎಣ್ಣೆ, ಸಕ್ಕರೆಗೆ ರೇಷನ್. ಅದಕ್ಕೆ ಸರ್ಕಾರ ಕೊಟ್ಟ ಹೆಸರು ನೋಡಿ: ವೈಜ್ಞಾನಿಕ ಆಹಾರ ಕ್ರಮ. ಜನ ಜಾಸ್ತಿ ತಿಂತಾರಂತೆ! ಅಂಗಡಿಯಲ್ಲಿ ಉಳಿದ ಹಂದಿ ಕಾಲಿಗೆ ಜನ 'ಅಡಿಡಾಸ್' ಅಂದರು. 1983ರಿಂದ ಟೈಪ್‌ರೈಟರ್ ಇದ್ದವರು ಅದರ ಅಕ್ಷರದ ಮಾದರಿಯನ್ನು ಪೊಲೀಸರಿಗೆ ಕೊಡಬೇಕಿತ್ತು. ಪಾಳಿಯಲ್ಲಿ ಪಕ್ಕ ನಿಂತವನೇ ಸೆಕುರಿತಾತೆಗೆ, ಅಂದರೆ ಗುಪ್ತ ಪೊಲೀಸರಿಗೆ, ಸುದ್ದಿ ಮುಟ್ಟಿಸುವವನಿರಬಹುದು. ಅಂಥ ಜಾಗದಲ್ಲಿ ಹುಟ್ಟಿದ ಹೆಸರಿಗೆ ನಾವು ಇಲ್ಲಿ ಕೂತು ಧಾತು ಹುಡುಕೋದಾ?

ಬೆಂಗಳೂರಿನಿಂದ:
ಇತಿಹಾಸ ಗೊತ್ತು. 'ಪಡಿತರ' ಇರುವಾಗ 'ರೇಷನ್' ಯಾಕೆ? ಸೋಮಾರಿತನ.

ಶಿವಮೊಗ್ಗದಿಂದ:
ಅಂಗಡಿ ಮುಂದೆ ಚೀಲ ಹಿಡಿದು ನಿಂತವರನ್ನು ಕೇಳಿ ಸ್ವಾಮಿ. 'ಪಡಿತರ' ಬೋರ್ಡಿನ ಮೇಲಿದೆ, ಬಾಯಲ್ಲಿ ರೇಷನ್ನೇ. ಅಲ್ಲೂ ಹಾಗೇ ಆಗಿದ್ದು, ಬೋರ್ಡಿನದು ಒಂದು ಪದ, ಬಾಯಿಯದು ಇನ್ನೊಂದು.

ಧಾರವಾಡದಿಂದ:
ಅಡಿಡಾಸ್‌ಗೆ ಅನುವಾದವೇ ಬೇಡ ನೋಡಿ. ಅಡಿ ಅಂದರೆ ಕಾಲೇ ಅಲ್ವಾ!

ಬೆಂಗಳೂರಿನಿಂದ:
ಅದು ಜರ್ಮನ್ ಕಂಪನಿಯ ಹೆಸರು. ಇಂಥ ನಿರುಕ್ತಿಯಿಂದಲೇ ಕನ್ನಡ ಹಾಳಾಗಿದ್ದು.

ಮೈಸೂರಿನಿಂದ:
ಪ್ರಿಂಟಿನವರು ಎರಡು ಸಲ ಫೋನ್ ಮಾಡಿದರು. ದೊಡ್ಡ ಅಕ್ಷರದಲ್ಲಿ 'ನೆಕೆಝೋಲ್', ಕೆಳಗೆ 'ಕುದುರೆ ಕಾಫಿ: ಕೆನೆಯುವ ಸದ್ದಿನಿಂದ ಜನ ಇಟ್ಟ ಹೆಸರು' ಅಂತ ಕೊಟ್ಟೆ. ಹುರುಳಿಗೂ ಆಸೆಯಿತ್ತು, ಆದರೆ ನೋಡಿದವರು ಅದನ್ನೇ ಕುದಿಸಿ ಕುಡಿದರು ಅಂದುಕೊಳ್ಳುತ್ತಾರೆ. ಎಲ್ಲರಿಗೂ ಥ್ಯಾಂಕ್ಸ್.

ಬೆಂಗಳೂರಿನಿಂದ:
ಸಮಾಸ ಬಿಡಿಸಿ ಬರೆದಿದ್ದೀರಿ. ಕುದುರೆಗಾಪಿ ಆಗಬೇಕು, ಆದೇಶ ಸಂಧಿ.

ಧಾರವಾಡದಿಂದ:
ಹೊರಗಿನಿಂದ ಬಂದ ಕಾಫಿಗೆ ಯಾವ ಆದೇಶ ರೀ? ಹೋಟೆಲಿನಲ್ಲಿ 'ಬೆಲ್ಲಗಾಪಿ ಕೊಡಿ' ಅಂತ ಒಮ್ಮೆ ಕೇಳಿ ನೋಡಿ.