ಪದಚರ್ಚೆ: ‘ಮ್ಯಾಗಜೀನ್’ ಎಂದರೆ ಯಾವುದು?

ಪ್ರಶ್ನೆ (ಸಕಲೇಶಪುರದಿಂದ):
ಮಂಜರಾಬಾದ್ ಕೋಟೆಯ ಬಗ್ಗೆ ಇಂಗ್ಲಿಷಿನಲ್ಲಿರುವ ಟಿಪ್ಪಣಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿನ ನೆಲಮಾಳಿಗೆಗಳನ್ನು ‘ಮ್ಯಾಗಜೀನ್’ ಎಂದು ಕರೆದಿದ್ದಾರೆ. ‘ಗುಂಡಿನ ಪೆಟ್ಟಿಗೆ’ ಎನ್ನಬಹುದೇ?

ಉತ್ತರ (ಹಾಸನದಿಂದ):
ಬೇಡ. ಅದು 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ಕೋಟೆ. ಅಲ್ಲಿ ಬೇಕಾದದ್ದು ‘ಮದ್ದಿನ ಮನೆ’. ಆದರೆ ಇಂದಿನ ಓದುಗರಿಗೆ ಮದ್ದು ಎಂದೊಡನೆ ಔಷಧವೇ ನೆನಪಾಗುತ್ತದೆ. ಮೊದಲ ಸಲ ‘ಸಿಡಿಮದ್ದಿನ ಮನೆ’ ಎಂದು ಬರೆದು, ಆಮೇಲೆ ಮದ್ದಿನ ಮನೆ ಎನ್ನಿ.

ಪದದ ಬೇರು ಅರಬ್ಬಿಯ ‘ಮಖ್ಜನ್’, ಅಂದರೆ ಉಗ್ರಾಣ. ನಮ್ಮ ‘ಖಜಾನೆ’ಯೂ ಅದೇ ಧಾತುವಿನದು! 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ತನ್ನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಹೊರಡಿಸಿದ ಮೇಲೆ ನಿಯತಕಾಲಿಕೆಯ ಅರ್ಥ ಬೇರೂರಿತು. ಅದೂ ಬರಹಗಳ ಉಗ್ರಾಣವೇ.

ಹೆಚ್ಚು ತಪ್ಪಾಗುವುದು ಬಂದೂಕಿನ ವಿಷಯದಲ್ಲಿ. ‘ಎರಡು ಗುಂಡಿನ ಪೆಟ್ಟಿಗೆ ವಶ’ ಎಂದರೆ ಓದುಗ ಮರದ ಪೆಟ್ಟಿಗೆಗಳನ್ನು ಕಲ್ಪಿಸಿಕೊಳ್ಳುತ್ತಾನೆ. ಇಲ್ಲಿ ಮ್ಯಾಗಜೀನ್ ಎಂದೇ ಉಳಿಸಿ. ಅದು ತಗಡಿನ ಗೂಡು. ಒಳಗೆ ಸ್ಪ್ರಿಂಗು, ಅದರ ಮೇಲೆ ತೋಟೆಗಳನ್ನು (ಗುಂಡು, ಮದ್ದು ಸೇರಿದ ಕಾರ್ಟ್ರಿಜ್) ಎತ್ತಿಕೊಡುವ ತಟ್ಟೆ. ಬಾಯಿಯ ಅಂಚು ಬಗ್ಗಿದರೆ ಒಟ್ಟಿಗೆ ಎರಡು ತೋಟೆ ನುಗ್ಗಿ ಸಿಕ್ಕಿಕೊಳ್ಳುತ್ತವೆ. ಸ್ಪ್ರಿಂಗು ಸೋತರೆ ತೋಟೆ ಮೇಲೇರುವುದೇ ಇಲ್ಲ.

ಕ್ಲಿಪ್ ಬೇರೆ. ಅದು ತೋಟೆಗಳನ್ನು ಒಟ್ಟಿಗೆ ಹಿಡಿದಿಡುವ ಪಟ್ಟಿ ಮಾತ್ರ. ಹಿಂದೆ ಪೊಲೀಸರ ಕೈಯಲ್ಲಿದ್ದ ಪಾಯಿಂಟ್ 303 ಲೀ-ಎನ್‌ಫೀಲ್ಡ್ ಬಂದೂಕು ನೋಡಿ: ಮ್ಯಾಗಜೀನ್ ಹತ್ತು ತೋಟೆಯದು, ಐದೈದರ ಎರಡು ಕ್ಲಿಪ್‌ನಿಂದ ತುಂಬುತ್ತಾರೆ. ಆ ತೋಟೆಯ ಬುಡದಲ್ಲಿ ಹೊರಚಾಚಿದ ಅಂಚಿದೆ. ಮೇಲಿನ ತೋಟೆಯ ಅಂಚು ಕೆಳಗಿನದರ ಹಿಂದೆ ಕುಳಿತರೆ ತಳ್ಳುವಾಗ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೇಲಿನದು ಯಾವಾಗಲೂ ಮುಂದಿರಬೇಕು.

ಮಲೆನಾಡಿನ ತೋಟಗಳಲ್ಲಿರುವ ಜೋಡುನಳಿಗೆ ತೋಟೆ ಕೋವಿಗೆ ಮ್ಯಾಗಜೀನೇ ಇಲ್ಲ, ನಳಿಗೆ ಮಡಿಸಿ ತೋಟೆಯನ್ನು ನೇರವಾಗಿ ಇಡುವುದು. ಕೇಪಿನ ಕೋವಿಗಂತೂ ಮದ್ದು, ಚರೆ ಎಲ್ಲವನ್ನೂ ನಳಿಗೆಯ ಬಾಯಿಂದ ಗಿಡಿಯಬೇಕು. ಇವುಗಳ ವರದಿಯಲ್ಲಿ ಆ ಪದ ಕಂಡರೆ ಅನುವಾದ ಎಡವಿದೆ ಎಂದೇ ತಿಳಿಯಿರಿ.

ಇನ್ನು ಕಲ್ಲುಕ್ವಾರಿಯ ಸುದ್ದಿಯಲ್ಲಿ ಬರುವ ಮ್ಯಾಗಜೀನ್ ಮತ್ತೆ ಕಟ್ಟಡವೇ, ಪರವಾನಗಿ ಪಡೆದ ಸ್ಫೋಟಕ ದಾಸ್ತಾನು ಕೊಠಡಿ. ಸ್ಫೋಟಕವನ್ನು ಸಿಡಿಸುವ ಸಾಧನವಾದ ಡಿಟೊನೇಟರನ್ನು ಅದರ ಜೊತೆ ಇಡುವಂತಿಲ್ಲ, ಡಿಟೊನೇಟರಿಗೆ ಬೇರೆ ಕೋಣೆ. ಹಾಗಾಗಿ ಮೂಲದಲ್ಲಿ ಎರಡು ಮ್ಯಾಗಜೀನ್ ಎಂದಿದ್ದರೆ ಅನುವಾದದಲ್ಲೂ ಎರಡೇ ಇರಲಿ.